ಕೈಗಾ ಎಂದರೆ ಅಣುಬಾಂಬೇ? ಅಪಾಯವೇ ಇಲ್ಲವೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಕಾರವಾರ ತಾಲೂಕಿನ ಕೈಗಾ ಅಣುವಿದ್ಯುತ್ ಸ್ಥಾವರದ ಮಾತು ಬಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಗುಂಪುಗಳೂ ಎರಡು ಬಣವಾಗುತ್ತವೆ. ಮಾಹಿತಿ ಒಂದೇ ಆದರೂ ಹೀಗೇಕೆ?

ನಿಜ ಏನು?

"ಕೈಗಾ ಬಾಂಬಿನಂತೆ ಸಿಡಿಯುತ್ತದೆ" – ತಪ್ಪು. ಅಲ್ಲಿನ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು ಬಳಸುವುದು ನೈಸರ್ಗಿಕ ಯುರೇನಿಯಂ. ಅದರಲ್ಲಿ ಯುರೇನಿಯಂ-235ರ ಪಾಲು ಸುಮಾರು 0.7%. ಇದರಿಂದ ಬಾಂಬ್‌ನಂಥ ಸ್ಫೋಟ ಆಗದು.

"ಅಪಾಯವೇ ಇಲ್ಲ" – ಇದೂ ತಪ್ಪು. 1994ರಲ್ಲಿ ನಿರ್ಮಾಣ ಹಂತದಲ್ಲೇ ಒಂದು ಘಟಕದ ಗುಮ್ಮಟ ಕುಸಿಯಿತು. ಆಗ ಇಂಧನ ತುಂಬಿರಲಿಲ್ಲ. 2009ರಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಬೆರೆತು ಹಲವು ಸಿಬ್ಬಂದಿಯ ದೇಹ ಸೇರಿತು.

ವಿರೋಧಿಗಳು ಈ ಎರಡನ್ನಷ್ಟೇ ಹಂಚುತ್ತಾರೆ. ಪರ ಇರುವವರು, ಒಂದನೇ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿದ್ದನ್ನಷ್ಟೇ ಹಂಚುತ್ತಾರೆ.

ಮನಸ್ಸು ಮಾಡುವುದೇನು?

• ಕಾಣದ ಅಪಾಯ ದೊಡ್ಡದೆನಿಸುತ್ತದೆ. ಕಣ್ಣಿಗೆ ಕಾಣದ, ನಮ್ಮ ಹಿಡಿತದಲ್ಲಿಲ್ಲದ ಅಪಾಯಕ್ಕೆ ಜನ ಹೆಚ್ಚು ಹೆದರುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ ತೋರಿಸಿದ್ದಾರೆ. ಮಂಗನ ಕಾಯಿಲೆ 1957ರಿಂದ ಮಲೆನಾಡಿನಲ್ಲಿ ಜೀವ ತೆಗೆಯುತ್ತಿದೆ. ಆದರೂ ಅದು ಪರಿಚಿತ. ಉಣುಗು ಕಚ್ಚುವ ಕಾಡಿಗೆ ದರಗು, ಸೌದೆ ತರಲು ಹೋಗುತ್ತಲೇ ಇದ್ದೇವೆ.

• ಇಷ್ಟ-ಅನಿಷ್ಟವೇ ಲೆಕ್ಕ ಹಾಕುತ್ತದೆ. ಇಷ್ಟವಾದರೆ ಲಾಭವಷ್ಟೇ ಕಾಣುತ್ತದೆ, ಇಲ್ಲದಿದ್ದರೆ ಅಪಾಯವಷ್ಟೇ.

• ನಮ್ಮವರ ಮಾತಿಗೆ ಒಂದು ತಕ್ಕಡಿ, ಎದುರಿನವರಿಗೆ ಇನ್ನೊಂದು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 1979ರ ಪ್ರಯೋಗವೊಂದರಲ್ಲಿ, ಮರಣದಂಡನೆಯ ಪರ-ವಿರೋಧದವರಿಗೆ ಅವೇ ಅಧ್ಯಯನಗಳನ್ನು ಕೊಟ್ಟರು. ಓದಿದ ಮೇಲೆ ಇಬ್ಬರೂ ತಮ್ಮ ನಿಲುವಿಗೆ ಇನ್ನಷ್ಟು ಅಂಟಿಕೊಂಡರು.

ಅಡಿಕೆಯನ್ನೇ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ನಮ್ಮ ಬದುಕೇ ಅಡಿಕೆ. ಹಾಗಾಗಿ ಆ ಸುದ್ದಿಗೆ "ಪುರಾವೆ ಎಲ್ಲಿ?" ಎನ್ನುತ್ತೇವೆ. ಕೇಳುವುದು ಸರಿಯೇ. ಆದರೆ ವಿಕಿರಣದ ಫಾರ್ವರ್ಡ್‌ಗೆ ಅದೇ ಪ್ರಶ್ನೆ ಕೇಳುತ್ತೇವೆಯೇ?

ಏನು ಮಾಡಬಹುದು?

ಯಾವ ವರ್ಷ, ಯಾವ ಘಟಕ, ಎಷ್ಟು ಪ್ರಮಾಣ ಎಂದು ನೋಡಿ. ಇದೇ ಪುರಾವೆ ನನ್ನ ನಿಲುವಿನ ವಿರುದ್ಧ ಇದ್ದಿದ್ದರೆ ಒಪ್ಪುತ್ತಿದ್ದೆನೇ ಎಂದು ಕೇಳಿಕೊಳ್ಳಿ.

ಕೈಗಾದಲ್ಲಿ ತಲಾ 700 ಮೆಗಾವ್ಯಾಟ್‌ನ ಇನ್ನೆರಡು ಘಟಕಗಳ ಯೋಜನೆಯಿದೆ. ಸುರಕ್ಷತೆ, ಕಾಡು, ಕಾಳಿ ನದಿ ಕುರಿತು ಕೇಳಲೇಬೇಕಾದ ಪ್ರಶ್ನೆಗಳಿವೆ. ಸುಳ್ಳು ಫಾರ್ವರ್ಡ್, ಪರವಿರಲಿ ವಿರೋಧವಿರಲಿ, ಆ ಪ್ರಶ್ನೆಗಳನ್ನೇ ಮುಳುಗಿಸುತ್ತದೆ.