ಹೆಬ್ಬೆರಳಿನ ಬುಡದ ಚರಿತ್ರೆ

ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ನನ್ನ ಹೆಬ್ಬೆರಳು ಈಗ ಬೀಗದ ಕೈ ತಿರುಗಿಸಲೂ ನೋಯುತ್ತದೆ. ವೈದ್ಯರು ಶಸ್ತ್ರಚಿಕಿತ್ಸೆಯ ಮಾತೆತ್ತಿದಾಗ, ಇತಿಹಾಸದ ಮೇಷ್ಟ್ರಾದ ನಾನು ಮೊದಲು ಅದರ ಇತಿಹಾಸವನ್ನೇ ಓದಿದೆ.

ಈ ಕೀಲಿನ ಆಕಾರ ಕುದುರೆಯ ಜೀನಿನಂತೆ. ಮೃದ್ವಸ್ಥಿ ಸವೆದರೆ ಎಲುಬಿಗೆ ಎಲುಬು ಉಜ್ಜುತ್ತದೆ. 1949ರಲ್ಲಿ ಇಂಗ್ಲೆಂಡಿನ ಗರ್ವಿಸ್, ಅಲ್ಲಿನ ಟ್ರೆಪೀಜಿಯಂ ಎಂಬ ಪುಟ್ಟ ಮೂಳೆಯನ್ನೇ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಅದಕ್ಕೂ ಮೊದಲೇ, 1918ರಲ್ಲಿ, ಟೋಕಿಯೋದ ತಕಾಗಿ ಮೂತ್ರಕೋಶ ನೋಡುವ ನಳಿಕೆಯಿಂದ ಶವದ ಮಂಡಿಯೊಳಗನ್ನು ಕಂಡಿದ್ದರು. ಶಿಷ್ಯ ವತನಬೆ ಆ ವಿದ್ಯೆಯನ್ನು ಬೆಳೆಸಿದರು. ನಳಿಕೆ ಕಿರಿದಾಗುತ್ತ ಸಣ್ಣ ಕೀಲುಗಳನ್ನೂ ಹೊಕ್ಕಿತು. 1996ರಲ್ಲಿ ಮೆನನ್ ಎಂಬ ವೈದ್ಯರು, ಸಣ್ಣ ರಂಧ್ರಗಳಿಂದಲೇ ಆ ಮೂಳೆಯ ಒಂದು ಭಾಗವನ್ನಷ್ಟೇ ತೆಗೆದ ಅನುಭವವನ್ನು ಬರೆದರು.

ಗರ್ವಿಸರ ಹಳೆಯ ವಿಧಾನವೂ ಇಂದಿಗೂ ಉಳಿದಿದೆ. ಹೊಸದೆಂಬ ಕಾರಣಕ್ಕೇ ಯಾವುದೂ ಮೇಲಲ್ಲವೆಂದು ತರಗತಿಯಲ್ಲಿ ಹೇಳುತ್ತಿದ್ದೆ. ಈಗ ನನ್ನ ಬೆರಳಿಗೂ ಅದೇ ಪಾಠ.