ವಯಸ್ಕರ ಸಾಕ್ಷರತೆಯಲ್ಲಿ ಸಹಕಲಿಕೆ

ವಯಸ್ಕರ ಸಾಕ್ಷರತೆಯಲ್ಲಿ ಸಹಕಲಿಕೆ ಎಂದರೆ, ಬಾಲ್ಯದಲ್ಲಿ ಶಾಲಾ ಶಿಕ್ಷಣದಿಂದ ವಂಚಿತರಾದವರು ಸಣ್ಣ ಗುಂಪುಗಳಲ್ಲಿ ಸೇರಿ, ಪರಸ್ಪರ ನೆರವಿನಿಂದ ಓದು, ಬರಹ ಹಾಗೂ ಲೆಕ್ಕಾಚಾರವನ್ನು ಕಲಿಯುವ ವಿಧಾನ. ಇದರಲ್ಲಿ ಬೋಧಕರ ಪಾತ್ರ ಇಲ್ಲವಾಗುವುದಿಲ್ಲ. ಆದರೆ ಕಲಿಕೆಯ ಭಾರವನ್ನು ಸಹಪಾಠಿಗಳೂ ಹಂಚಿಕೊಳ್ಳುತ್ತಾರೆ. ಅಕ್ಷರಜ್ಞಾನದೊಂದಿಗೆ ಕಲಿಯುವವರ ಆತ್ಮವಿಶ್ವಾಸವನ್ನು ಬೆಳೆಸುವುದು ಈ ವಿಧಾನದ ಮುಖ್ಯ ಉದ್ದೇಶ.

ಹಿನ್ನೆಲೆ

2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆಯ ಪ್ರಮಾಣ ಶೇ. 75.36. ಪುರುಷರಲ್ಲಿ ಇದು ಶೇ. 82.47 ಇದ್ದರೆ, ಮಹಿಳೆಯರಲ್ಲಿ ಶೇ. 68.08 ಮಾತ್ರ. ಅನಕ್ಷರಸ್ಥರಾದ ವಯಸ್ಕರು ವ್ಯವಹಾರಜ್ಞಾನದಲ್ಲಿ ಹಿಂದುಳಿದವರೇನಲ್ಲ. ಕೃಷಿ, ವ್ಯಾಪಾರ, ಕುಶಲಕರ್ಮ ಮತ್ತು ಸಂಸಾರ ನಿರ್ವಹಣೆಯಲ್ಲಿ ಅವರು ನುರಿತವರು. ಆದರೂ ಹೆಬ್ಬೆಟ್ಟು ಒತ್ತುವಾಗಿನ ಸಂಕೋಚ, ಮಕ್ಕಳ ಮುಂದೆ ತಪ್ಪು ಓದುವ ಅಂಜಿಕೆ, 'ಈ ವಯಸ್ಸಿನಲ್ಲಿ ಇದೆಲ್ಲ ಏಕೆ' ಎಂಬ ಸುತ್ತಲಿನವರ ಮಾತು ಅನೇಕರನ್ನು ಕಲಿಕಾ ಕೇಂದ್ರದಿಂದ ದೂರವಿಡುತ್ತವೆ. ಈ ಅಡ್ಡಿಯನ್ನು ಪಠ್ಯಪುಸ್ತಕವೊಂದೇ ನಿವಾರಿಸಲಾರದು. ತಮ್ಮಂತೆಯೇ ಇರುವ ಇನ್ನೊಬ್ಬರು ಕಲಿಯುತ್ತಿರುವುದನ್ನು ಕಂಡಾಗ ಅದು ಸಡಿಲಗೊಳ್ಳುತ್ತದೆ ಎಂಬುದು ಸಹಕಲಿಕೆಯ ಮೂಲ ತತ್ವ.

ಸೈದ್ಧಾಂತಿಕ ಆಧಾರ

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಸ್ವಸಾಮರ್ಥ್ಯದ ಸಿದ್ಧಾಂತವು, 'ನನ್ನಿಂದ ಇದು ಸಾಧ್ಯ' ಎಂಬ ನಂಬಿಕೆಗೆ ನಾಲ್ಕು ಮೂಲಗಳನ್ನು ಗುರುತಿಸುತ್ತದೆ: ಸ್ವಂತ ಯಶಸ್ಸಿನ ಅನುಭವ, ತನ್ನಂಥವರ ಯಶಸ್ಸನ್ನು ಕಾಣುವುದು, ಇತರರ ಪ್ರೋತ್ಸಾಹದ ಮಾತು ಮತ್ತು ದೇಹ-ಮನಸ್ಸುಗಳ ಸ್ಥಿತಿ. ವಿದ್ಯಾವಂತ ಬೋಧಕರ ಓದು ಕಲಿಯುವವರಿಗೆ ಸಹಜವೆಂದೇ ತೋರುತ್ತದೆ. ನೆರೆಮನೆಯ ಮಹಿಳೆ ತಡವರಿಸುತ್ತಲೇ ಬಸ್ಸಿನ ಫಲಕ ಓದಿದಾಗ ಮಾತ್ರ ಅದು ತಮಗೂ ಎಟುಕಬಲ್ಲದ್ದು ಎನಿಸುತ್ತದೆ.

ಬ್ರೆಜಿಲ್‌ನ ಶಿಕ್ಷಣತಜ್ಞ ಪಾಲೊ ಫ್ರೇರೆ ತರಗತಿಯ ಬದಲು 'ಸಂಸ್ಕೃತಿ ವೃತ್ತ'ಗಳನ್ನು ರೂಪಿಸಿದರು. ಕಲಿಯುವವರ ದಿನನಿತ್ಯದ ಬದುಕಿನಿಂದ ಆಯ್ದ ಪದಗಳ ಕುರಿತು ಗುಂಪಿನಲ್ಲಿ ಚರ್ಚಿಸಿ, ಅನಂತರ ಆ ಪದಗಳನ್ನು ಬಿಡಿಸಿ ಓದುವುದು ಇದರ ಕ್ರಮ. 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಶ್ರಮಿಕರೊಂದಿಗೆ ಈ ಪ್ರಯೋಗ ನಡೆಯಿತು. 1964ರ ಸೇನಾ ಕ್ರಾಂತಿಯ ನಂತರ ಫ್ರೇರೆ ಸೆರೆವಾಸ ಮತ್ತು ದೇಶಭ್ರಷ್ಟತೆಯನ್ನು ಅನುಭವಿಸಬೇಕಾಯಿತು.

ಭಾರತದಲ್ಲಿನ ಅನುಭವಗಳು

1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ 15ರಿಂದ 35 ವರ್ಷ ವಯೋಮಾನದವರನ್ನು ಮುಖ್ಯವಾಗಿ ಗುರಿಯಾಗಿಸಿಕೊಂಡಿತ್ತು. ಕೇರಳದ ಎರ್ನಾಕುಲಂ 1990ರಲ್ಲಿ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾಯಿತು. ಅನಂತರ ಹಲವು ಜಿಲ್ಲೆಗಳಲ್ಲಿ ಸ್ವಯಂಸೇವಕರನ್ನು ಆಧರಿಸಿದ ಸಾಕ್ಷರತಾ ಆಂದೋಲನಗಳು ನಡೆದವು.

ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ನಡೆದ 'ಅರಿವೊಳಿ ಇಯಕ್ಕಂ' ಅಕ್ಷರದೊಂದಿಗೆ ಸೈಕಲ್ ಸವಾರಿಯನ್ನೂ ಜೋಡಿಸಿತು. ಸೈಕಲ್ ಕಲಿತ ಗ್ರಾಮೀಣ ಮಹಿಳೆಯರು ಇತರ ಮಹಿಳೆಯರಿಗೆ ಕಲಿಸಿದರು. ಒಂಟಿಯಾಗಿ ಸೈಕಲ್ ಏರಲು ನಾಚುತ್ತಿದ್ದವರು ಗುಂಪಾಗಿ ಹೊರಟಾಗ ಗೇಲಿಯ ಮಾತುಗಳನ್ನು ಎದುರಿಸಬಲ್ಲವರಾದರು.

ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯ ದೂಬಗುಂಟ ಗ್ರಾಮದಲ್ಲಿ ಸಾಕ್ಷರತಾ ತರಗತಿಯ ಮಹಿಳೆಯರು ಪಾಠದ ನೆಪದಲ್ಲಿ ತಮ್ಮ ಮನೆಗಳ ಸಂಕಟವನ್ನು ಚರ್ಚಿಸಿ, ಸಾರಾಯಿ ಮಾರಾಟವನ್ನು ತಡೆದರು. ಆ ಚಳವಳಿ ರಾಜ್ಯದಾದ್ಯಂತ ಹಬ್ಬಿ, 1993ರಲ್ಲಿ ಆಂಧ್ರಪ್ರದೇಶ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು.

ಕರ್ನಾಟಕದಲ್ಲಿ 1980ರ ದಶಕದ ಕೊನೆಯಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮವು ಗ್ರಾಮಮಟ್ಟದ ಮಹಿಳಾ ಸಂಘಗಳನ್ನು ಕಲಿಕೆಯ ನೆಲೆಯಾಗಿಸಿತು. 2000-01ರಲ್ಲಿ ಜಾರಿಗೆ ಬಂದ ಸ್ತ್ರೀಶಕ್ತಿ ಯೋಜನೆಯ ಸ್ವಸಹಾಯ ಗುಂಪುಗಳಲ್ಲಿ ಉಳಿತಾಯದ ಲೆಕ್ಕ ಮತ್ತು ನಡಾವಳಿ ಪುಸ್ತಕಗಳು ಅಕ್ಷರದ ಅಗತ್ಯವನ್ನು ದಿನನಿತ್ಯದ ಸಂಗತಿಯಾಗಿಸಿದವು.

ಅನುಸರಿಸುವ ಕ್ರಮಗಳು

ಜೋಡಿ ಓದು: ಸ್ವಲ್ಪ ಮುಂದಿರುವ ಕಲಿಕಾರ್ಥಿ ಹೊಸಬರ ಪಕ್ಕದಲ್ಲಿ ಕುಳಿತು ಒಂದೇ ಪಾಠವನ್ನು ಒಟ್ಟಿಗೆ ಓದುತ್ತಾರೆ. ಕನ್ನಡದಲ್ಲಿ ಗುಣಿತಾಕ್ಷರ ಮತ್ತು ಒತ್ತಕ್ಷರಗಳ ಹಂತದಲ್ಲಿ ಇದು ವಿಶೇಷವಾಗಿ ಉಪಯುಕ್ತ. ಇತ್ತೀಚೆಗಷ್ಟೇ ಆ ತೊಡಕನ್ನು ದಾಟಿದವರಿಗೆ ಅದು ಎಲ್ಲಿ ಕಾಡುತ್ತದೆ ಎಂಬುದು ನೆನಪಿರುತ್ತದೆ.

ಬದುಕಿನ ಬರಹಗಳ ಓದು: ಪಡಿತರ ಚೀಟಿ, ವಿದ್ಯುತ್ ಬಿಲ್ಲು, ಔಷಧದ ಚೀಟಿ, ಬ್ಯಾಂಕ್ ಪಾಸ್‌ಬುಕ್ಕುಗಳನ್ನು ಗುಂಪಿನಲ್ಲಿ ಓದಲಾಗುತ್ತದೆ. ಮರುದಿನವೇ ಬಳಕೆಗೆ ಬರುವ ಇಂತಹ ಸಣ್ಣ ಗೆಲುವುಗಳು ನಂಬಿಕೆಯನ್ನು ಗಟ್ಟಿಗೊಳಿಸುತ್ತವೆ.

ಅನುಭವ ಬರಹ: ಒಬ್ಬರು ತಮ್ಮ ಅನುಭವವನ್ನು ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ, ಅನಂತರ ಎಲ್ಲರೂ ಓದುತ್ತಾರೆ. ಪರಿಚಿತ ಮಾತೇ ಪಠ್ಯವಾಗುವುದರಿಂದ ಊಹಿಸಿ ಓದುವುದು ಸುಲಭವಾಗುತ್ತದೆ.

ಮಿತಿಗಳು

ಗುಂಪಿನಲ್ಲಿ ಚುರುಕಾದ ಒಬ್ಬರೇ ಎಲ್ಲ ಉತ್ತರ ಹೇಳಿದರೆ ಉಳಿದವರ ಹಿಂಜರಿಕೆ ಇನ್ನಷ್ಟು ಹೆಚ್ಚುತ್ತದೆ. ಜಾತಿ, ಲಿಂಗ ಮತ್ತು ವಯಸ್ಸಿನ ಅಂತರಗಳು ಗುಂಪಿನೊಳಗೂ ನುಸುಳಬಲ್ಲವು. ತಪ್ಪು ಉಚ್ಚಾರಣೆ ಅಥವಾ ತಪ್ಪು ಲೆಕ್ಕ ಒಬ್ಬರಿಂದೊಬ್ಬರಿಗೆ ಹರಡುವ ಸಂಭವವೂ ಇದೆ. ಆದ್ದರಿಂದ ತರಬೇತಿ ಪಡೆದ ಬೋಧಕರ ಮೇಲ್ವಿಚಾರಣೆ ಅಗತ್ಯ.

ನಲವತ್ತು ದಾಟಿದ ಅನೇಕರಿಗೆ ಹತ್ತಿರದ ಅಕ್ಷರಗಳು ಮಸುಕಾಗಿ ಕಾಣುತ್ತವೆ. ಇದನ್ನು ಅವರು 'ತಲೆಗೆ ಹತ್ತುತ್ತಿಲ್ಲ' ಎಂದು ತಪ್ಪಾಗಿ ತಿಳಿಯುವುದುಂಟು. ಇಂತಹ ಕಡೆ ಗೆಳತಿಯರ ಪ್ರೋತ್ಸಾಹಕ್ಕಿಂತ ಮೊದಲು ಕನ್ನಡಕ ಬೇಕಾಗುತ್ತದೆ. ಬಿತ್ತನೆ, ಕೊಯ್ಲು ಹಾಗೂ ವಲಸೆಯ ಕಾಲದಲ್ಲಿ ಗುಂಪು ಚದುರುತ್ತದೆ. ಓದುವ ಸಾಮಗ್ರಿ ಮತ್ತು ಒಡನಾಟ ಎರಡೂ ತಪ್ಪಿದರೆ ನವಸಾಕ್ಷರರು ಕಲಿತ ಅಕ್ಷರಗಳನ್ನು ಮರೆಯುವ ಅಪಾಯವಿರುವುದರಿಂದ, ಕಲಿಕೆ ಮುಗಿದ ನಂತರವೂ ಗ್ರಾಮ ಗ್ರಂಥಾಲಯ ಅಥವಾ ಸ್ವಸಹಾಯ ಸಂಘಗಳ ಮೂಲಕ ಗುಂಪನ್ನು ಉಳಿಸಿಕೊಳ್ಳುವುದು ಮುಂದುವರಿಕೆ ಶಿಕ್ಷಣದ ಮುಖ್ಯ ಭಾಗವಾಗಿದೆ.