ಶೂನ್ಯ ಮೈಲಿಯಿಂದ ಸರ್ವರಿಗೆ ಎಷ್ಟು ದೂರ

ನಾಗಪುರದ ಒಂದು ಸಣ್ಣ ಕಚೇರಿ ತನ್ನ ಲೆಕ್ಕಪತ್ರ, ಕಡತ, ಜಾಲತಾಣಗಳನ್ನೆಲ್ಲ ಯಾವ ಕ್ಲೌಡ್ ಕಂಪನಿಯ ಕೈಗೆ ಒಪ್ಪಿಸಬಹುದು? ಜಾಹೀರಾತುಗಳನ್ನು ಬದಿಗಿಟ್ಟು, ದಾಖಲೆಗಳಲ್ಲೇ ಉತ್ತರ ಹುಡುಕಬೇಕೆಂದು ಹೊರಟೆ. ಮೊದಲು ತೆರೆದದ್ದು ಅಮೆಜಾನಿನ ಇಸಿ2 ಸರ್ವರುಗಳ ಸೇವಾ ಒಪ್ಪಂದ. ಒಂದು ಸೀಮೆಯ (ರೀಜನ್) ಮಟ್ಟದಲ್ಲಿ 99.99 ಶೇಕಡಾ ಲಭ್ಯತೆಯ ಭರವಸೆ ಅದರಲ್ಲಿದೆ. 30 ದಿನಗಳ ತಿಂಗಳಿಗೆ 43,200 ನಿಮಿಷ. ಅದರಲ್ಲಿ ಸುಮಾರು ನಾಲ್ಕೂಕಾಲು ನಿಮಿಷ ಮಾತ್ರ ಸೇವೆ ನಿಲ್ಲಬಹುದು ಎಂದಾಯಿತು. ಆದರೆ ಈ ಭರವಸೆ ಸಿಗುವುದು ಆ ಸೀಮೆಯೊಳಗಿನ ಎರಡು ಅಥವಾ ಹೆಚ್ಚು ಪ್ರತ್ಯೇಕ ವಲಯಗಳಲ್ಲಿ (ಅವೈಲಬಿಲಿಟಿ ಝೋನ್) ಸರ್ವರ್ ಇಟ್ಟವರಿಗೆ. ಒಂದೇ ಸರ್ವರ್ ಬಾಡಿಗೆಗೆ ಹಿಡಿದ ಸಣ್ಣ ಕಚೇರಿಗೆ ಅನ್ವಯಿಸುವ ಅಂಕಿ 99.5. ಅಂದರೆ ತಿಂಗಳಿಗೆ 3 ಗಂಟೆ 36 ನಿಮಿಷ. ಎರಡು ಅಂಕಿಗಳ ನಡುವೆ ಅರ್ಧ ಶೇಕಡಾ ಅಂತರವೂ ಇಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ನಿಮಿಷಕ್ಕೆ ಇಳಿಸಿದರೆ ಐವತ್ತು ಪಟ್ಟು.

ಇನ್ನೂ ಕೆಳಗೆ ಓದಿದೆ. ಸರ್ವರಿಗೆ ಹೊರಗಿನ ಸಂಪರ್ಕ ಪೂರ್ತಿ ಕಡಿದರೆ ಮಾತ್ರ ಅದು ಅಲಭ್ಯ. ಸಂಪರ್ಕ ಇದ್ದು, ಒಂದು ಪುಟ ತೆರೆಯಲು ಅರ್ಧ ನಿಮಿಷ ಹಿಡಿದರೆ? ಆ ಬಗ್ಗೆ ಒಪ್ಪಂದ ಮೌನ. ಗ್ರಾಹಕ ದಿನನಿತ್ಯ ಅನುಭವಿಸುವ ತೊಂದರೆ ನಿಧಾನಗತಿಯೇ, ಅದಕ್ಕೇ ಅಲ್ಲಿ ಜಾಗವಿಲ್ಲ. ಕಂಪನಿಯ ಸಾಮರ್ಥ್ಯವನ್ನು ಕಂಪನಿಯ ಕಾಗದದಿಂದ ಅಳೆಯಲಾಗದು ಎಂದು ನನಗೆ ಖಚಿತವಾದದ್ದು ಇಲ್ಲಿ.

ಹಾಗಾದರೆ ನಾವೇ ಅಳೆಯಬೇಕು, ಎಲ್ಲಿಂದ ಅಳೆಯಬೇಕು? ನಾಗಪುರದಲ್ಲಿ ಈ ಪ್ರಶ್ನೆಗೆ ಹಳೆಯದೊಂದು ಹಿನ್ನೆಲೆಯಿದೆ. ನಾಲ್ಕು ಕುದುರೆಗಳ ನಡುವೆ ಮರಳುಗಲ್ಲಿನ ಕಂಬ ನಿಂತಿರುವ ಝೀರೋ ಮೈಲ್ ಈ ಊರಿನ ಗುರುತು. ದೇಶದ ನಟ್ಟನಡು ಇದೇ ಎಂಬುದು ಊರವರ ಹೆಮ್ಮೆ. ಆ ಗುರುತಿನ ಹಿಂದಿರುವ ಮಹಾ ತ್ರಿಕೋನಮಿತಿ ಸರ್ವೆಯನ್ನು ಆರಂಭಿಸಿದ ವಿಲಿಯಂ ಲ್ಯಾಂಬ್ಟನ್, 1823ರ ಜನವರಿಯಲ್ಲಿ ನಾಗಪುರಕ್ಕೆ ಬರುವ ದಾರಿಯಲ್ಲೇ ಹಿಂಗಣಘಾಟಿನಲ್ಲಿ ತೀರಿಕೊಂಡ. ಅವನ ಒಂದು ಕೆಲಸ ನನಗೆ ದಾರಿ ತೋರಿಸಿತು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಏಳೂವರೆ ಮೈಲಿಯ ಆಧಾರರೇಖೆಯನ್ನು ಸರಪಳಿ ಹಿಡಿದು ಅಳೆದು, ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತ ಬೆಂಗಳೂರಿಗೆ ಬಂದ. ಲೆಕ್ಕ ಸರಿಯಿದೆಯೆಂದು ಅಲ್ಲಿಗೇ ಬಿಡಲಿಲ್ಲ. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ನೆಲದ ಮೇಲೆ ಹೊಸದಾಗಿ ಅಳೆದು, ಮದ್ರಾಸಿನಿಂದ ಬಂದ ಲೆಕ್ಕದ ಜೊತೆ ಹೋಲಿಸಿದ. ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ. ಮೊದಲ ತುದಿ ಹೇಳಿದ್ದನ್ನು ಎರಡನೆಯ ತುದಿಯಲ್ಲಿ, ಅದರ ನೆರವಿಲ್ಲದೆ, ಅಳೆದು ನೋಡುವುದು. ಕ್ಲೌಡ್ ಪರೀಕ್ಷೆಯೂ ಸರ್ವರಿರುವ ಕಟ್ಟಡದಿಂದಲ್ಲ, ಅದನ್ನು ಬಳಸುವ ಮೇಜಿನಿಂದ ಶುರುವಾಗಬೇಕು.

ಮೇಜಿನಿಂದ ಸರ್ವರಿಗಿರುವ ದೂರ ನೋಡೋಣ. ಅಮೆಜಾನ್ ಮುಂಬೈ ಸೀಮೆಯನ್ನು 2016ರ ಜೂನಿನಲ್ಲೂ ಹೈದರಾಬಾದ್ ಸೀಮೆಯನ್ನು 2022ರ ನವೆಂಬರಿನಲ್ಲೂ ತೆರೆಯಿತು. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬೈಗಳಿಗೆ, ಗೂಗಲ್ 2017ರಲ್ಲಿ ಮುಂಬೈಗೆ, 2021ರಲ್ಲಿ ದೆಹಲಿಗೆ ಬಂತು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ನಾಗಪುರದಿಂದ ಮುಂಬೈ ನೇರ ಗೆರೆಯಲ್ಲಿ ಸುಮಾರು 690 ಕಿಲೋಮೀಟರ್. ಹೋಗಿಬರಲು ಕನಿಷ್ಠ 7 ಮಿಲಿಸೆಕೆಂಡ್. ಹೈದರಾಬಾದ್ ಸುಮಾರು 420 ಕಿಲೋಮೀಟರ್. 4 ಮಿಲಿಸೆಕೆಂಡ್ ಸಾಕು. ನಕ್ಷೆ ನೋಡಿದವರು ಹೈದರಾಬಾದೇ ಸರಿ ಎನ್ನುತ್ತಾರೆ. ಆದರೆ ದತ್ತಾಂಶ ನಕ್ಷೆಯ ಮೇಲೆ ನೇರ ನಡೆಯುವುದಿಲ್ಲ. ಕಚೇರಿಗೆ ಇಂಟರ್ನೆಟ್ ಕೊಡುವ ಕಂಪನಿ ಉಳಿದ ಜಾಲಗಳನ್ನು ಮುಂಬೈಯಲ್ಲಿ ಮಾತ್ರ ಸಂಧಿಸುತ್ತಿದ್ದರೆ, ಹೈದರಾಬಾದಿಗೆ ಹೊರಟ ಪೊಟ್ಟಣ ಮುಂಬೈ ಸುತ್ತಿ ಹೋಗುತ್ತದೆ; 4 ಇದ್ದದ್ದು 13 ಮಿಲಿಸೆಕೆಂಡ್ ಆಗುತ್ತದೆ. ಯಾವ ದಾರಿ ಎಂಬುದನ್ನು ಟ್ರೇಸ್‌ರೂಟ್ ಆಜ್ಞೆ ಹಂತಹಂತವಾಗಿ ತೋರಿಸುತ್ತದೆ. ಒಂದೇ ಬೀದಿಯ ಎರಡು ಕಚೇರಿಗಳಿಗೆ ಎರಡು ಬೇರೆ ಉತ್ತರ ಬರಬಹುದು, ಎರಡೂ ನಿಜವಿರಬಹುದು.

ಇನ್ನು ಸರ್ವರಿನ ಓಟ. ಇಲ್ಲಿ ಅವಸರದ ಪರೀಕ್ಷೆ ದೊಡ್ಡ ಸುಳ್ಳು ಹೇಳುತ್ತದೆ, ಮತ್ತು ಅದರ ಕಾರಣ ಕಂಪನಿಯ ತಾಂತ್ರಿಕ ಕೈಪಿಡಿಯಲ್ಲಿ ಬಹಿರಂಗವಾಗಿಯೇ ಇದೆ. ಅಮೆಜಾನಿನ ಟಿ2 ಮೈಕ್ರೋ ಎಂಬ ಅಗ್ಗದ ಸರ್ವರ್ ತೆಗೆದುಕೊಳ್ಳಿ. ಅದರ ಖಾಯಂ ಪಾಲು ಪ್ರೊಸೆಸರಿನ 10 ಶೇಕಡಾ ಮಾತ್ರ. ಗಂಟೆಗೆ 6 ಕ್ರೆಡಿಟ್ ಜಮಾ ಆಗುತ್ತದೆ, ಒಂದು ಕ್ರೆಡಿಟಿಗೆ ಒಂದು ನಿಮಿಷದ ಪೂರ್ಣ ವೇಗ. ಹುಟ್ಟುವಾಗಲೇ 30 ಕ್ರೆಡಿಟ್ ಕೈಯಲ್ಲಿರುತ್ತದೆ. ಹೊಸ ಸರ್ವರ್ ಎಬ್ಬಿಸಿ ಹತ್ತು ನಿಮಿಷ ಬೆಂಚ್‌ಮಾರ್ಕ್ ಓಡಿಸಿದವರಿಗೆ ಪೂರ್ಣ ವೇಗ ಕಾಣುತ್ತದೆ. ಒಂದು ಗಂಟೆ ಓಡಿಸಿದವರಿಗೆ ಕೊನೆಗೆ ಹತ್ತರಲ್ಲೊಂದು. ಅಮೆಜಾನಿನ ಹಳೆಯ ಜಿಪಿ2 ಡಿಸ್ಕಿಗೂ ಇಂಥದ್ದೇ ಜಮಾಖಾತೆ: ಸೆಕೆಂಡಿಗೆ 3,000 ಓದು-ಬರಹದ ವೇಗ ಅರ್ಧ ಗಂಟೆ, ಆಮೇಲೆ ಡಿಸ್ಕಿನ ಗಾತ್ರಕ್ಕೆ ತಕ್ಕಷ್ಟು. ಜೊತೆಗೆ ಲಿನಕ್ಸಿನ ಟಾಪ್ ಪರದೆಯಲ್ಲಿ 'ಎಸ್‌ಟಿ' ಎಂಬ ಅಂಕಣವನ್ನು ನೋಡಬೇಕು. ನಮ್ಮ ಸರ್ವರ್ ಓಡಲು ಸಿದ್ಧವಿದ್ದೂ ಪ್ರೊಸೆಸರ್ ಸಿಗದೆ ಕಾದ ಪಾಲು ಅದು. ಕ್ರೆಡಿಟ್ ಮುಗಿಯದಿದ್ದರೂ ಆ ಅಂಕಿ ದಿನವಿಡೀ ಏರಿಯೇ ಇದ್ದರೆ, ಒಂದೇ ಯಂತ್ರವನ್ನು ಎಷ್ಟೋ ಜನರಿಗೆ ಹಂಚಿದ್ದಾರೆ ಎಂದು ಅನುಮಾನಿಸಲು ಕಾರಣವಿದೆ.

ಇವೆಲ್ಲ ಸರಿಯಿದ್ದ ದಿನಗಳ ಅಳತೆ. ಕೆಟ್ಟ ದಿನಗಳ ದಾಖಲೆ ಬೇರೆಯೇ ಇದೆ, ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಹೆಚ್ಚು ಬೆಲೆಯ ಓದು ಅದು. 2017ರ ಫೆಬ್ರುವರಿ 28ರಂದು ಅಮೆಜಾನಿನ ವರ್ಜೀನಿಯಾ ಸೀಮೆಯಲ್ಲಿ ಎಸ್3 ಶೇಖರಣೆ ನಿಂತುಹೋಯಿತು. ಸಿಬ್ಬಂದಿಯೊಬ್ಬರು ಆಜ್ಞೆಯೊಂದರಲ್ಲಿ ತಪ್ಪು ಅಂಕಿ ಕೊಟ್ಟದ್ದರಿಂದ ಬೇಕಾದ್ದಕ್ಕಿಂತ ಹೆಚ್ಚು ಸರ್ವರುಗಳು ಕಳಚಿಕೊಂಡವು ಎಂದು ಕಂಪನಿಯೇ ಬರೆದುಕೊಂಡಿದೆ. ಅದೇ ವರದಿಯ ಇನ್ನೊಂದು ಸಂಗತಿ: ಸೇವೆಯ ಸ್ಥಿತಿ ತಿಳಿಸುವ ಫಲಕವನ್ನು ತಿದ್ದುವ ವ್ಯವಸ್ಥೆಯೂ ಎಸ್3ಅನ್ನು ಅವಲಂಬಿಸಿತ್ತು, ಹಾಗಾಗಿ ಸುಮಾರು ಎರಡು ಗಂಟೆ ಅದರಲ್ಲಿ ಒಂದೊಂದು ಸೇವೆಯ ಸ್ಥಿತಿಯನ್ನು ತಿದ್ದಲಾಗಲಿಲ್ಲ. ಆ ಫಲಕದ ಸೇವಾವಾರು ಗುರುತುಗಳಿಂದ ಮಾತ್ರ ಸೇವೆಯನ್ನು ಅಳೆಯುತ್ತಿದ್ದವರ ಪುಸ್ತಕದಲ್ಲಿ ಆ ಎರಡು ಗಂಟೆ ಎಲ್ಲವೂ ಸರಿಯಾಗಿತ್ತು. ಹೀಗೆ ತಪ್ಪನ್ನು ವಿವರವಾಗಿ ಬರೆದು ಪ್ರಕಟಿಸುವ ಕಂಪನಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಒಂದೂ ವೈಫಲ್ಯದ ವರದಿ ಇಲ್ಲದ ಕಂಪನಿಯ ಬಗ್ಗೆ ನನಗೆ ಏನೂ ತಿಳಿಯುವುದಿಲ್ಲ.

2022ರ ಜುಲೈ 19ರ ಗೂಗಲ್ ವರದಿಯನ್ನಂತೂ ನಾಗಪುರದವರು ಓದಲೇಬೇಕು. ಬ್ರಿಟನ್ನಿನಲ್ಲಿ ಪಾದರಸ ಮೊದಲ ಬಾರಿ 40 ಡಿಗ್ರಿ ದಾಟಿದ ಆ ದಿನ, ಲಂಡನ್ನಿನ ದತ್ತಾಂಶ ಕೇಂದ್ರವೊಂದರಲ್ಲಿ ಮುಖ್ಯವೂ ಬದಲಿಯೂ ಆದ ತಂಪು ವ್ಯವಸ್ಥೆಗಳು ಒಟ್ಟಿಗೇ ಸೋತವು. ನಾಗಪುರದ ಮೇ ತಿಂಗಳಿಗೆ 40 ಡಿಗ್ರಿ ಹೊಸದಲ್ಲ. 2013ರ ಮೇ 23ರಂದು 47.9 ಮುಟ್ಟಿತ್ತು. ದೂರದ ಕೇಂದ್ರ ತಂಪಾಗಿದ್ದರೂ, ನಮ್ಮ ಕಡೆಯ ರೂಟರ್, ಬ್ಯಾಟರಿ, ಬೀದಿಯ ಪೆಟ್ಟಿಗೆಗಳು ಆ ಬಿಸಿಲಲ್ಲೇ ಇರುತ್ತವೆ. ಬಿಸಿಲಿನ ಅಳತೆಗೂ ಎರಡನೆಯ ಸಾಕ್ಷಿ ಬೇಕೆಂದು ಕಲಿಸಿದ್ದು ಇದೇ ಊರು: 2024ರ ಮೇ 30ರಂದು ಇಲ್ಲಿನ ಒಂದು ಸ್ವಯಂಚಾಲಿತ ಹವಾಮಾನ ಕೇಂದ್ರ 56 ಡಿಗ್ರಿ ತೋರಿಸಿ ದೇಶವೆಲ್ಲ ಸುದ್ದಿಯಾಯಿತು, ಅದು ಸಂವೇದಕದ ದೋಷವೆಂದು ಹವಾಮಾನ ಇಲಾಖೆ ಆಮೇಲೆ ತಿಳಿಸಿತು.

ಬೆಂಕಿಯ ಕಡತಗಳು ಇನ್ನೂ ಕಠೋರ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪನಿಯ ಒಂದು ಕಟ್ಟಡ ಪೂರ್ತಿ ಸುಟ್ಟಿತು. ಹಣ ಕೊಟ್ಟು ಬ್ಯಾಕಪ್ ಕೊಂಡಿದ್ದ ಒಬ್ಬ ಗ್ರಾಹಕರ ಪ್ರತಿಯೂ ಅದೇ ಕಟ್ಟಡದಲ್ಲಿತ್ತು. ಲಿಲ್ ನಗರದ ವಾಣಿಜ್ಯ ನ್ಯಾಯಾಲಯ 2023ರಲ್ಲಿ ಅವರಿಗೆ ಒಂದು ಲಕ್ಷ ಯೂರೋಗೂ ಹೆಚ್ಚಿನ ಪರಿಹಾರ ಕೊಡಿಸಿತು. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನಿನಲ್ಲಿ ಸರ್ಕಾರದ ಸ್ವಂತ ಕೇಂದ್ರ ಹೊತ್ತಿಕೊಂಡಾಗ ಹೊರಗೆ ಪ್ರತಿಯಿಲ್ಲದ 858 ಟೆರಾಬೈಟ್ ಕಡತ ಹೋಯಿತು. ಎರಡರಲ್ಲೂ ಕಳೆದುಹೋದದ್ದನ್ನು ಯಾವ ಶೇಕಡಾ ಅಂಕಿಯೂ ಹಿಡಿದಿಡುವುದಿಲ್ಲ.

ಆದ್ದರಿಂದ ನಾಗಪುರದ ಕಚೇರಿಗೆ ನಾನು ಹೇಳುವುದು ಇಷ್ಟು. ಏಪ್ರಿಲಿನಿಂದ ಜೂನ್ ಕೊನೆಯವರೆಗೆ, ಎರಡು ಬೇರೆ ಇಂಟರ್ನೆಟ್ ಸಂಪರ್ಕಗಳಿಂದ, ಮುಂಬೈ ಮತ್ತು ಹೈದರಾಬಾದ್ ಎರಡನ್ನೂ ಹಗಲು ರಾತ್ರಿ ಅಳೆದು ಬರೆದಿಡಿ. ಬ್ಯಾಕಪ್ಪನ್ನು ಬೇರೆ ಊರಿನ ಬೇರೆ ಕಂಪನಿಯಲ್ಲಿಟ್ಟು, ಅದರಿಂದ ಕಡತಗಳನ್ನು ಒಮ್ಮೆ ನಿಜಕ್ಕೂ ಮರಳಿ ಎಬ್ಬಿಸಿ ನೋಡಿ. ಬರೆದಿಡಲು ಕಾರಣವಿದೆ: ಅಮೆಜಾನಿನ ಒಪ್ಪಂದದ ಪ್ರಕಾರ ಏಪ್ರಿಲಿನಲ್ಲಿ ಸೇವೆ ನಿಂತದ್ದಕ್ಕೆ ಪರಿಹಾರ ಕೇಳಲು ಜೂನ್ ಬಿಲ್ಲಿನ ಅವಧಿ ಮುಗಿಯುವವರೆಗೆ ಸಮಯ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು ಲಾಗುಗಳನ್ನು ಉಳಿಸಿಕೊಳ್ಳಬೇಕಾದ್ದು 180 ದಿನ. ಏಪ್ರಿಲ್ 1ರದ್ದಕ್ಕೆ ಆ ಅವಧಿ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಆಮೇಲೆ ಉಳಿಯುವುದು ಕಚೇರಿ ತಾನೇ ಬರೆದಿಟ್ಟುಕೊಂಡ ಅಳತೆ.